ಕಪ್ಪೆಯ ಚರ್ಮದಲ್ಲಿದ್ದ ಮದ್ದು

ಶೃಂಗೇರಿಯ ತುಂಗಾ ತೀರದಲ್ಲಿ ಕಪ್ಪೆ ಶಂಕರನನ್ನು ನೋಡದವರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಇರಲಾರರು. ಬಿಸಿಲಿನಲ್ಲಿ ಪ್ರಸವವೇದನೆಪಡುತ್ತಿದ್ದ ಕಪ್ಪೆಗೆ ಸರ್ಪ ಹೆಡೆಯ ನೆರಳು ಕೊಟ್ಟಿತೆಂಬುದು ಅಲ್ಲಿಯ ಐತಿಹ್ಯ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟ ನಾನು ಈ ಸುವರ್ಣ ಮಹೋತ್ಸವ ಸಂಚಿಕೆಯಲ್ಲಿ ಕಪ್ಪೆಯ ಇನ್ನೊಂದು ಇತಿಹಾಸ ಹೇಳಬೇಕೆಂದಿದ್ದೇನೆ.

ಅಮೈನೋ ಆಮ್ಲಗಳನ್ನು ಪೋಣಿಸಿದ ಚಿಕ್ಕ ಸರಕ್ಕೆ ಪೆಪ್ಟೈಡ್ ಎಂದು ಹೆಸರು. ಕೆಲವು ಪೆಪ್ಟೈಡುಗಳು ರೋಗಾಣುವಿನ ಹೊರಪೊರೆಯನ್ನೇ ಒಡೆಯುತ್ತವೆ. 1939ರಲ್ಲಿ ರೆನೆ ಡುಬೋ ಮಣ್ಣಿನ ಬ್ಯಾಕ್ಟೀರಿಯಾದಿಂದ ಅಂಥದನ್ನು ತೆಗೆದರು. ಅದು ರಕ್ತಕಣಗಳನ್ನೂ ಒಡೆಯುತ್ತಿದ್ದುದರಿಂದ ಹೊರಗಾಯಕ್ಕಷ್ಟೇ ಬಳಕೆಯಾಯಿತು. ಕತ್ತಿ ತಾಗಿದ ಕೈಗೆ ನಾವು ಹಚ್ಚುವ ಕೆಲವು ಮುಲಾಮುಗಳಲ್ಲಿರುವ ಬ್ಯಾಸಿಟ್ರಾಸಿನ್, ಪಾಲಿಮಿಕ್ಸಿನ್ ಇದೇ ಬಳಗದವು. ಇದೇ ಬಳಗದ ಕೊಲಿಸ್ಟಿನ್, ಬೇರೆಲ್ಲ ಆಂಟಿಬಯಾಟಿಕ್ ಸೋತಾಗ ಆಸ್ಪತ್ರೆಯಲ್ಲಿ ಕೊಡುವ ಕೊನೆಯ ಮದ್ದು. ಅಂಥದನ್ನು ಕೋಳಿ ಬೇಗ ಬೆಳೆಯಲೆಂದು ಆಹಾರಕ್ಕೆ ಬೆರೆಸುತ್ತಿದ್ದರು! ಕೇಂದ್ರ ಸರ್ಕಾರ ನಿಷೇಧಿಸಿದ್ದು 2019ರಲ್ಲಿ. ಬಹಳ ತಡವಾಯಿತೆಂದೇ ನನ್ನ ಅಭಿಪ್ರಾಯ.

ಇನ್ನು ಕಪ್ಪೆಯ ವಿಷಯ. ಶಸ್ತ್ರಕ್ರಿಯೆಯಾದ ಆಫ್ರಿಕಾದ ಕಪ್ಪೆಗಳನ್ನು ಕೊಳಕು ನೀರಿಗೆ ಬಿಟ್ಟರೂ ಗಾಯ ಕೀವಾಗದೆ ಮಾಯುವುದು ಅಮೆರಿಕದ ಮೈಕೇಲ್ ಜಾಸ್ಲಾಫ್ ಅವರ ಕಣ್ಣಿಗೆ ಬಿತ್ತು. ಆ ಚರ್ಮದಲ್ಲಿ ಸಿಕ್ಕಿದ ಪೆಪ್ಟೈಡುಗಳಿಗೆ ಅವರು 1987ರಲ್ಲಿ ಮ್ಯಾಗೇನಿನ್ ಎಂದು ಹೆಸರಿಟ್ಟರು. ಹೀಬ್ರೂವಿನಲ್ಲಿ ಗುರಾಣಿ ಎಂಬ ಮಾತಿನಿಂದ ಬಂದದ್ದು.

ನಮ್ಮ ಪಶ್ಚಿಮ ಘಟ್ಟದ ಸರದಿ 2017ರಲ್ಲಿ ಬಂತು. ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರ ಹಾಗೂ ಅಮೆರಿಕದ ಎಮೋರಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಘಟ್ಟದ 'ಹೈಡ್ರೋಫೈಲಾಕ್ಸ್ ಬಹುವಿಸ್ತಾರ' ಎಂಬ ಕಪ್ಪೆಯ ಚರ್ಮದ್ರವದಲ್ಲಿ 27 ಅಮೈನೋ ಆಮ್ಲಗಳ ಪೆಪ್ಟೈಡನ್ನು ಗುರುತಿಸಿದರು. ಬಳುಕುವ ಉರುಮಿ ಕತ್ತಿಯ ನೆನಪಿಗೆ ಅದು 'ಉರುಮಿನ್' ಆಯಿತು. ಎಚ್1 ಗುಂಪಿನ ಫ್ಲೂ ವೈರಸ್ಸನ್ನು ಅದು ಛಿದ್ರಗೊಳಿಸುತ್ತದೆ. ಮೂಗಿಗೆ ಹಾಕಿದಾಗ ಸೋಂಕಿತ ಇಲಿಗಳಲ್ಲಿ ಹೆಚ್ಚಿನವು ಬದುಕಿದವು. ಎಚ್3ಎನ್2 ಮುಂದೆ ಮಾತ್ರ ಅದರ ಆಟ ನಡೆಯಲಿಲ್ಲ. ಹಾಗೆಂದು ಯಾರೂ ಕಪ್ಪೆ ಹಿಡಿದು ಮೂಗಿಗೆ ಒರೆಸಿಕೊಳ್ಳಬೇಡಿ. ಅದೇ ಚರ್ಮದ ಬೇರೆ ಪೆಪ್ಟೈಡುಗಳಲ್ಲಿ ಕೆಲವು ನಮ್ಮ ಜೀವಕೋಶಗಳಿಗೆ ವಿಷ. ಪೆಪ್ಟೈಡು ಮೈಯೊಳಗೆ ಬೇಗ ಚೂರಾಗುತ್ತದೆ, ತಯಾರಿಸುವ ಖರ್ಚೂ ಹೆಚ್ಚು. ಮ್ಯಾಗೇನಿನ್‌ನಿಂದ ಮಾಡಿದ ಮುಲಾಮಿಗೂ 1999ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಗಲಿಲ್ಲ.

ಈ ಹುಡುಕಾಟ ಮುಂದುವರಿಯಲು ಕಪ್ಪೆ ಇರಬೇಕಲ್ಲ. ಅದರ ತೆಳು ಚರ್ಮ ನೀರಿನ ಜೊತೆ ಕಳೆನಾಶಕವನ್ನೂ ಹೀರುತ್ತದೆ. ಗದ್ದೆ ಹೋದರೆ ಮೊಟ್ಟೆಯಿಡಲು ನಿಂತ ನೀರಿಲ್ಲ. ಮೊದಲ ಮಳೆಗೆ ಗೋಂಕರುಕಪ್ಪೆಗಳ ಗದ್ದಲದಲ್ಲಿ ನನ್ನ ಪಾಠವೇ ಕೇಳಿಸದಂತೆ ಮಾಡುತ್ತಿದ್ದ ಶಾಲೆಯ ಹಿಂದಿನ ಗದ್ದೆ ಈಗ ಅಡಿಕೆ ತೋಟ.