ಟಿಪ್ಪಣಿಯಿಂದ ರೋಗಿಯ ಬಳಿಗೆ: ವೈದ್ಯಕೀಯ ಪರೀಕ್ಷೆ ನಡೆದುಬಂದ ದಾರಿ

‘ಕ್ಯಾಸನೂರು ಕಾಡಿನ ಕಾಯಿಲೆಯ ಬಗ್ಗೆ ಟಿಪ್ಪಣಿ ಬರೆಯಿರಿ.’ ವೈದ್ಯಕೀಯ ಪ್ರಶ್ನೆಪತ್ರಿಕೆಗಳಿಗೆ ಒಗ್ಗಿಹೋದ ಧಾಟಿ ಇದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಪತ್ತೆಯಾದ ವೈರಸ್, ಹರಡುವುದು ಉಣುಗಿನಿಂದ, ನಿರ್ದಿಷ್ಟ ಔಷಧಿ ಇಲ್ಲ ಎಂದು ಬರೆದವರಿಗೆ ಅಂಕ ಸಿಗುತ್ತದೆ. ಆದರೆ 2018–19ರಲ್ಲಿ ಲಿಂಗನಮಕ್ಕಿ ಸೀಮೆಯ ಅರಳಗೋಡಿನಲ್ಲಿ ಇದೇ ಮಂಗನ ಕಾಯಿಲೆ ಜೀವಗಳನ್ನು ಬಲಿ ತೆಗೆದುಕೊಂಡಾಗ ಊರಿಗೆ ಬೇಕಾಗಿದ್ದವರು ಜ್ವರವೆಂದು ಬಂದವರನ್ನು ಕಂಡ ಕೂಡಲೇ ಈ ರೋಗವನ್ನು ಅನುಮಾನಿಸಬಲ್ಲ ವೈದ್ಯರು. ಅಂಥವರು ಯಾರೆಂದು ಪರೀಕ್ಷೆ ಗುರುತಿಸಬಲ್ಲದೇ? ಕಳೆದ ಐವತ್ತು ವರ್ಷಗಳಲ್ಲಿ ವೈದ್ಯಕೀಯ ಪರೀಕ್ಷೆಯಲ್ಲಾದ ಸುಧಾರಣೆಯೆಲ್ಲ ಈ ಪ್ರಶ್ನೆಯ ಸುತ್ತಲೇ ನಡೆದಿದೆ.

ಮೈಸೂರು ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂತು. ಆ ಕಾಲದಿಂದ ಹಲವು ದಶಕ ನಮ್ಮಲ್ಲಿ ನಡೆದದ್ದು ಬ್ರಿಟಿಷರ ಪದ್ಧತಿ: ಪ್ರಬಂಧ, ಟಿಪ್ಪಣಿ, ವೈವಾ, ಲಾಂಗ್ ಕೇಸ್, ಶಾರ್ಟ್ ಕೇಸ್. ಲಾಂಗ್ ಕೇಸಿನಲ್ಲಿ ಒಂದು ದೊಡ್ಡ ಗುಣವಿತ್ತು. ವಿದ್ಯಾರ್ಥಿ ಒಬ್ಬ ರೋಗಿಯನ್ನು ಪೂರ್ತಿಯಾಗಿ ನೋಡಬೇಕಾಗಿತ್ತು. ಆದರೆ ಯಾವ ರೋಗಿ ಸಿಗುತ್ತಾರೆ, ಎದುರಿಗೆ ಯಾವ ಪರೀಕ್ಷಕರು ಕೂತಿರುತ್ತಾರೆ ಎಂಬುದು ಅದೃಷ್ಟದ ಮಾತಾಗಿತ್ತು. ಅದರ ಮೇಲೆ, ಪರೀಕ್ಷಕರು ಕೇಳುತ್ತಿದ್ದದ್ದು ವಿದ್ಯಾರ್ಥಿಯ ವರದಿಯನ್ನು. ಅವನು ರೋಗಿಯ ಹೊಟ್ಟೆ ಮುಟ್ಟಿ ನೋಡಿದ ರೀತಿ ಬಹುಮಟ್ಟಿಗೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ಇದಕ್ಕೊಂದು ಉತ್ತರ ಕೊಟ್ಟರು. ಅದೇ ಆಸ್ಕಿ. ವಿದ್ಯಾರ್ಥಿಗಳೆಲ್ಲ ಒಂದೊಂದೇ ಸ್ಟೇಷನ್ ದಾಟುತ್ತಾ ಹೋಗುತ್ತಾರೆ, ಎಲ್ಲರಿಗೂ ಅದೇ ಕೆಲಸ, ಅದೇ ಅಂಕಪಟ್ಟಿ, ಕೆಲಸ ಮಾಡುವುದನ್ನು ಪರೀಕ್ಷಕರು ನಿಂತು ನೋಡುತ್ತಾರೆ. 1978ರಲ್ಲಿ ಆರ್ಥರ್ ಎಲ್‌ಸ್ಟೀನ್ ತಂಡದ ಅಧ್ಯಯನ, ಒಂದು ಕೇಸಿನಲ್ಲಿ ಚೆನ್ನಾಗಿ ಯೋಚಿಸಿದವರು ಇನ್ನೊಂದರಲ್ಲೂ ಹಾಗೆಯೇ ಯೋಚಿಸುತ್ತಾರೆಂಬ ಭರವಸೆಯಿಲ್ಲ ಎಂದು ತೋರಿಸಿತು. ಒಂದೇ ಕೇಸಿನ ಮೇಲೆ ಪಾಸು–ಫೇಲು ನಿರ್ಧರಿಸುವ ಕ್ರಮದ ಬುಡವೇ ಇದರಿಂದ ಅಲುಗಿತು. 1990ರಲ್ಲಿ ಜಾರ್ಜ್ ಮಿಲ್ಲರ್ ಕಲಿಕೆಯನ್ನು ನಾಲ್ಕು ಹಂತವಾಗಿ ವಿಂಗಡಿಸಿದರು: ಗೊತ್ತಿರುವುದು, ಹೇಗೆಂದು ಗೊತ್ತಿರುವುದು, ಮಾಡಿ ತೋರಿಸುವುದು, ದಿನನಿತ್ಯ ಮಾಡುವುದು. ಟಿಪ್ಪಣಿ ತಲುಪುವುದು ಮೊದಲ ಹಂತವನ್ನು, ಆಸ್ಕಿ ಮೂರನೆಯದನ್ನು. ನಾಲ್ಕನೆಯದಕ್ಕಾಗಿ 1995ರಲ್ಲಿ ಜಾನ್ ನಾರ್ಸಿನಿ ಮತ್ತಿತರರು ಮಿನಿ-ಸಿಇಎಕ್ಸ್ ತಂದರು. ವಾರ್ಡಿನಲ್ಲೇ ಸ್ವಲ್ಪ ಹೊತ್ತು ಗಮನಿಸಿ, ಅಲ್ಲೇ ತಪ್ಪು–ಒಪ್ಪು ಹೇಳುವ ಕ್ರಮ ಅದು. 2005ರಲ್ಲಿ ಫಾನ್ ಡೆರ್ ಫ್ಲೂಟೆನ್ ಮತ್ತು ಶುವರ್ತ್ ಇವೆಲ್ಲವನ್ನೂ ಕೂಡಿಸಿ, ಹಲವರು ಹಲವು ಸಲ ನೋಡಿದ್ದನ್ನು ಒಟ್ಟುಗೂಡಿಸಿಯೇ ದೊಡ್ಡ ತೀರ್ಮಾನಕ್ಕೆ ಬರಬೇಕೆಂದು ವಾದಿಸಿದರು.

ಕರ್ನಾಟಕದಲ್ಲಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದ ಮೇಲೆ ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಹಂಚಿಹೋಗಿದ್ದ ಪರೀಕ್ಷೆಗಳು ಒಂದೇ ಸೂರಿನಡಿ ಸೇರಿದವು. 2019ರ ಸಾಮರ್ಥ್ಯಾಧಾರಿತ ಪಠ್ಯಕ್ರಮ ಲಾಗ್‌ಬುಕ್ಕನ್ನೂ ಸಂವಹನ, ವೈದ್ಯಕೀಯ ನೀತಿಗಳ ಪಾಠವನ್ನೂ ತಂದಿತು. ಬಹು ಆಯ್ಕೆಯ ಪ್ರಶ್ನೆಗಳು ಥಿಯರಿ ಅಂಕದ ಶೇ 20 ಮೀರಬಾರದೆಂದಿತು. ಆಮೇಲೆ ವಿದ್ಯಾರ್ಥಿಗಳು ಹಳ್ಳಿಯ ಮನೆಗಳಿಗೆ ಹೋಗಿಬರುವ ಕುಟುಂಬ ದತ್ತು ಕಾರ್ಯಕ್ರಮವೂ ಸೇರಿತು. ಆದರೆ ಸ್ನಾತಕೋತ್ತರ ಸೀಟು ಸಿಗುವುದು ಬಹು ಆಯ್ಕೆಯ ನೀಟ್ ಪರೀಕ್ಷೆಯಿಂದ. ಹಾಗಾಗಿ ಇಂಟರ್ನ್‌ಷಿಪ್ ಎಂದರೆ ಕೋಚಿಂಗ್ ಕಾಲ ಎಂಬಂತಾಗಿದೆ. ಪರೀಕ್ಷೆ ಏನನ್ನು ಕೇಳುತ್ತದೋ ಅದನ್ನೇ ವಿದ್ಯಾರ್ಥಿ ಕಲಿಯುತ್ತಾನೆ.

ಹಾಗಾದರೆ ಕೇಳಬೇಕಾದದ್ದೇನು? ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಕಲಿಯುವವರಿಗೆ ಇಂಥದೊಂದು ಸ್ಟೇಷನ್ ಇಡಬಹುದು. ಜನವರಿ ತಿಂಗಳು, ಸಾಗರದ ಕಡೆಯ ಅಡಿಕೆ ಕೃಷಿಕರೊಬ್ಬರಿಗೆ ನಾಲ್ಕು ದಿನದಿಂದ ಜ್ವರ, ತಲೆನೋವು, ಮೈಕೈ ನೋವು, ಕಣ್ಣು ಕೆಂಪು. ಸೊಪ್ಪಿನಬೆಟ್ಟಕ್ಕೆ ಹೋಗಿದ್ದಿರಾ, ಹತ್ತಿರದಲ್ಲಿ ಮಂಗ ಸತ್ತಿತ್ತೇ ಎಂದು ವಿದ್ಯಾರ್ಥಿ ಕೇಳುತ್ತಾನೆಯೇ? ಡೆಂಗಿ, ಇಲಿ ಜ್ವರಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಪ್ಲೇಟ್‌ಲೆಟ್ ಎಣಿಕೆಗೂ ಆರ್‌ಟಿಪಿಸಿಆರ್‌ಗೂ ರಕ್ತ ಕಳಿಸುತ್ತಾನೆಯೇ? ರಕ್ತಸ್ರಾವದ ಭಯವಿರುವಾಗ ಆಸ್ಪಿರಿನ್ ಬೇಡವೆನ್ನುತ್ತಾನೆಯೇ? ಜ್ವರ ಬಿಟ್ಟು ಮತ್ತೆ ಬರಬಹುದೆಂದು ಮನೆಯವರಿಗೆ ತಿಳಿಯುವ ಕನ್ನಡದಲ್ಲಿ ಹೇಳುತ್ತಾನೆಯೇ?

ಹಂದಿಗೋಡು ಕಾಯಿಲೆಯೂ ಒಳ್ಳೆಯ ಪ್ರಶ್ನೆಯಾಗಬಲ್ಲದು. 1970ರ ದಶಕದಲ್ಲಿ ಸಾಗರ ತಾಲ್ಲೂಕಿನಲ್ಲಿ ಬೆಳಕಿಗೆ ಬಂದ ಈ ಕೀಲು–ಮೂಳೆ ರೋಗಕ್ಕೆ ಕೀಟನಾಶಕ ಬೆರೆತ ಗದ್ದೆಯ ಏಡಿ ಕಾರಣವೆಂಬ ಸಂಶಯ ಮೊದಲು ಬಂತು. ವಂಶಪಾರಂಪರ್ಯವಾಗಿ ಬರುವಂಥದ್ದೆಂದು ಗೊತ್ತಾದದ್ದು ಆಮೇಲೆ. ಯಾವ ಪುರಾವೆ ಸಿಕ್ಕಿದರೆ ನಿಮ್ಮ ಅಭಿಪ್ರಾಯ ಬದಲಿಸುತ್ತೀರಿ ಎಂದು ಕೇಳಿದರೆ ಬಾಯಿಪಾಠ ಕೈಕೊಡುತ್ತದೆ, ಯೋಚನೆ ಹೊರಬರುತ್ತದೆ.

ಆಸ್ಕಿಗೂ ಮಿತಿಯಿದೆ, ರೋಗಿಯನ್ನು ತುಂಡು ತುಂಡಾಗಿ ನೋಡುವ ಅಭ್ಯಾಸ ಅದರಿಂದ ಬಂದೀತು. ಆದ್ದರಿಂದ ಲಾಂಗ್ ಕೇಸ್ ಉಳಿಯಲಿ, ಆದರೆ ಪರೀಕ್ಷಕರು ಪಕ್ಕದಲ್ಲೇ ನಿಂತು ನೋಡಲಿ. ಹೊಸನಗರ, ತೀರ್ಥಹಳ್ಳಿಯಂಥ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿದ್ಯಾರ್ಥಿ ಮಾಡಿದ ಕೆಲಸಕ್ಕೂ ಅಂಕದಲ್ಲಿ ಪಾಲು ಸಿಗಲಿ. ಇದಕ್ಕೆ ಅಧ್ಯಾಪಕರ ಸಮಯ ಬೇಕು, ತರಬೇತಿ ಬೇಕು, ಹಣವೂ ಬೇಕು. ಆ ಖರ್ಚನ್ನು ಕಾಲೇಜು ಮತ್ತು ಸರ್ಕಾರ ಹೊರದಿದ್ದರೆ ಅದನ್ನು ಹೊರುವವರು ಕಾಡಂಚಿನ ರೋಗಿಗಳು.