ಕಬ್ಬಿನ ಷೇರು, ರೈತನ ಮತ

ಮಹಾರಾಷ್ಟ್ರದ ಇಚಲಕರಂಜಿಯ ಉದ್ಯಮದ ಕಥೆಯನ್ನು 1904ರಲ್ಲಿ ವಿಠ್ಠಲರಾವ್ ದಾತಾರ್ ತಂದ ವಿದ್ಯುತ್ ಮಗ್ಗದಿಂದ ಶುರುಮಾಡುವುದು ರೂಢಿ. ಪಕ್ಕದ ಶಹಾಪುರದವರೆಗೂ ಹಬ್ಬಿದ ಮಗ್ಗಗಳ ಸದ್ದಿಗೆ ಮೂಲ ಅದೇ, ನಿಜ. ಆದರೆ ಅಲ್ಲಿ ಸಾಹಸ ಒಬ್ಬರದು, ಆಸರೆ ಜಹಗೀರುದಾರ ಘೋರ್ಪಡೆಯವರದು. ಉದ್ಯಮವನ್ನೇ ಸಾರ್ವಜನಿಕ ಕೆಲಸ ಮಾಡಿದವರು ರತ್ನಾಪ್ಪಣ್ಣ ಕುಂಭಾರರು ಎಂಬುದು ನನ್ನ ವಾದ.

1909ರಲ್ಲಿ ನಿಮಶಿರಗಾಂವದಲ್ಲಿ ಹುಟ್ಟಿದ ಅವರು ಪ್ರಜಾ ಪರಿಷತ್ತಿನ ಮುಂದಾಳಾಗಿ ಕೊಲ್ಹಾಪುರ ಸಂಸ್ಥಾನದ ಆಳ್ವಿಕೆಯನ್ನು ಎದುರಿಸಿದರು, ಭೂಗತರಾಗಿ ಹೋರಾಡಿದರು, ಸಂವಿಧಾನ ಸಭೆಯಲ್ಲೂ ಕುಳಿತರು. ಆಮೇಲೆ ಪಂಚಗಂಗಾ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದರು. ಇದು ಹೋರಾಟ ಬಿಟ್ಟು ವ್ಯವಹಾರಕ್ಕಿಳಿದದ್ದಲ್ಲವೇ ಎನ್ನಬಹುದು. ಸಹಕಾರದ ನಿಯಮ ಬೇರೆಯೇ ಹೇಳುತ್ತದೆ: ಹೊಲ ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ. ಸಂಸ್ಥಾನದಲ್ಲಿ ಕೇಳಿದ ಹಕ್ಕೇ ಇಲ್ಲಿ ಷೇರುಪತ್ರದ ರೂಪದಲ್ಲಿ ರೈತನ ಕೈಗೆ ಬಂತು.

ಸಹಕಾರಿ ಕಾರ್ಖಾನೆಗಳು ಕ್ರಮೇಣ ಮುಖಂಡರ ಕೋಟೆಗಳಾದವು ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು; ಮಹಾರಾಷ್ಟ್ರದ ರಾಜಕಾರಣ ಬಲ್ಲ ಯಾರೂ ತಳ್ಳಿಹಾಕುವುದೂ ಇಲ್ಲ. ಆದರೂ ಕಡಿದ ಕಬ್ಬು ದಿನ ಕಳೆದಂತೆ ತೂಕ, ಸಿಹಿ ಎರಡನ್ನೂ ಕಳೆದುಕೊಳ್ಳುತ್ತದೆ; ಹಾಗಾಗಿ ಕಾರ್ಖಾನೆಯ ಸರದಿ ನೋಡಿಯೇ ಕಡಿಯಬೇಕು. ಯಾರ ಹೊಲದ ಕಟಾವು ಮೊದಲು ಎಂದು ಪ್ರಶ್ನಿಸುವ ಅಧಿಕಾರ ಸಣ್ಣ ರೈತನಿಗೆ ಕಾಗದದ ಮೇಲಾದರೂ ದಕ್ಕಿದ್ದು ಸದಸ್ಯತ್ವದಿಂದಲೇ.