ಹೆದ್ದಾರಿ ಬದಿಯಲ್ಲಿ ಸ್ಥಳೀಯ ಜಾತಿಯ ಸಾಲುಮರಗಳು: ಸಾರ್ವಜನಿಕರ ಮಾಹಿತಿಗಾಗಿ

ಹೆದ್ದಾರಿಗಳ ಇಕ್ಕೆಲಗಳಲ್ಲಿ ಸಾಲುಮರ ಬೆಳೆಸುವ ಪದ್ಧತಿ ನಾಡಿಗೆ ಹೊಸದಲ್ಲ. ಕೇಂದ್ರ ಸರ್ಕಾರವು 2015ರಲ್ಲಿ ಪ್ರಕಟಿಸಿದ ಹಸಿರು ಹೆದ್ದಾರಿ ನೀತಿಯು ರಾಷ್ಟ್ರೀಯ ಹೆದ್ದಾರಿ ಯೋಜನೆಗಳ ವೆಚ್ಚದ ಶೇ. 1ರಷ್ಟನ್ನು ಗಿಡ ನೆಡಲು ಹಾಗೂ ಅವುಗಳ ನಿರ್ವಹಣೆಗೆ ಮೀಸಲಿಡಲು ಅವಕಾಶ ಕಲ್ಪಿಸಿತು.

ಹೂವಿನ ಅಂದಕ್ಕಾಗಿ ನೆಡಲಾಗುವ ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಇದರ ಕೊಂಬೆಗಳು ಗಾಳಿಗೆ ಸುಲಭವಾಗಿ ಮುರಿಯುತ್ತವೆ. ಮಳೆಮರ ಅಮೆರಿಕ ಖಂಡದ್ದು. (ನಮ್ಮದೇ ಎಂದು ಭಾವಿಸಲಾಗುವ ಹುಣಸೆಯೂ ಮೂಲತಃ ಆಫ್ರಿಕದ್ದಾಗಿದ್ದು, ಶತಮಾನಗಳಿಂದ ಇಲ್ಲಿ ನೆಲೆಗೊಂಡಿದೆ.) ಸ್ಥಳೀಯ ಜಾತಿಗಳ ಪೈಕಿ ಹೊಂಗೆಯು ಬೇಸಿಗೆಯಲ್ಲಿಯೇ ಹೊಸ ಚಿಗುರು ತಳೆದು ನೆರಳು ನೀಡುತ್ತದೆ, ಇದರ ಬೀಜ ಎಣ್ಣೆಗೂ ಸೊಪ್ಪು ಗೊಬ್ಬರಕ್ಕೂ ಒದಗುತ್ತದೆ. ಬಯಲುಸೀಮೆಗೆ ಹೊಂಗೆ, ಬೇವು, ಕಮರ ಹೊಂದುತ್ತವೆ. ಮಳೆ ಹೆಚ್ಚಿರುವ ಪ್ರದೇಶಗಳಿಗೆ ನೇರಳೆ, ಹೊಳೆದಾಸವಾಳ ಸೂಕ್ತ.

ಆಲ, ಅರಳಿಗಳನ್ನು ರಸ್ತೆಯಂಚಿಗೆ ತಾಗಿದಂತೆ ನೆಡುವುದು ಸರಿಯಲ್ಲ. ಅವುಗಳ ಬೇರು ಹಾಗೂ ಹರವಿಗೆ ವಿಶಾಲವಾದ ಸ್ಥಳ ಅವಶ್ಯ. ರಸ್ತೆ ವಿಭಜಕದಲ್ಲಿ ಎದುರು ವಾಹನಗಳ ದೀಪದ ಪ್ರಖರತೆ ತಡೆಯುವ ಪೊದೆಗಿಡಗಳಷ್ಟೇ ಸಾಕು. ತಿರುವು ಹಾಗೂ ಕೂಡುರಸ್ತೆಗಳಲ್ಲಿ ಚಾಲಕರ ದೃಷ್ಟಿಗೆ ಅಡ್ಡಿಯಾಗುವಂತಹ ಗಿಡಗಳನ್ನಾಗಲಿ, ವಿದ್ಯುತ್ ತಂತಿಯ ಕೆಳಗೆ ಎತ್ತರಕ್ಕೆ ಬೆಳೆಯುವ ಮರಗಳನ್ನಾಗಲಿ ನೆಡತಕ್ಕದ್ದಲ್ಲ.

ಸ್ಥಳದ ಆಯ್ಕೆಯಲ್ಲಿ ಅವಸರ ಸಲ್ಲದು. ಸಾಲುಮರದ ತಿಮ್ಮಕ್ಕನವರು ತಮ್ಮ ಪತಿಯೊಂದಿಗೆ ಹುಲಿಕಲ್–ಕುದೂರು ರಸ್ತೆಯಲ್ಲಿ ನೀರು ಹೊತ್ತು ಬೆಳೆಸಿದ ಆಲದ ಮರಗಳಿಗೂ 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ವಿಸ್ತರಣೆಯಿಂದ ಅಪಾಯ ಒದಗಿತ್ತು. ಅವರೇ ಮುಖ್ಯಮಂತ್ರಿಗಳಲ್ಲಿ ಮನವಿ ಮಾಡಿದ ಮೇಲೆ ಮರಗಳನ್ನು ಉಳಿಸುವ ಭರವಸೆ ದೊರೆಯಿತು. ಅಂತಹ ಮನವಿಯ ಸಂದರ್ಭ ಒದಗದಂತೆ, ಮುಂದೆ ವಿಸ್ತರಣೆಯಾಗಬಹುದಾದ ಅಗಲವನ್ನು ಮೊದಲೇ ವಿಚಾರಿಸಿ, ಅದರ ಆಚೆಗೆ ನೆಡುವುದು ಲೇಸು.

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ 8ನೇ ಪ್ರಕರಣದ ಮೇರೆಗೆ ಮರ ಕಡಿಯಲು ವೃಕ್ಷ ಅಧಿಕಾರಿಯ ಪೂರ್ವಾನುಮತಿ ಅವಶ್ಯ. ಗಿಡ ನೆಟ್ಟವರೇ ಆದರೂ ರಸ್ತೆಬದಿಯ ಮರವನ್ನು ತಾವಾಗಿ ಕಡಿಯುವಂತಿಲ್ಲ. ರಸ್ತೆ ಅಗಲೀಕರಣದಂತಹ ಸಾರ್ವಜನಿಕ ಕಾಮಗಾರಿಗೆ 50ಕ್ಕೂ ಹೆಚ್ಚು ಮರಗಳನ್ನು ತೆಗೆಯುವ ಪ್ರಸ್ತಾವವಿದ್ದಲ್ಲಿ ಸಾರ್ವಜನಿಕರಿಂದ ಆಕ್ಷೇಪಣೆ ಆಹ್ವಾನಿಸಬೇಕಾಗುತ್ತದೆ. ಆಕ್ಷೇಪಣೆಯನ್ನು ಅವಧಿಯೊಳಗೆ, ಲಿಖಿತವಾಗಿ ಸಲ್ಲಿಸುವುದು.

ಗಿಡ ನೆಡಲಿಚ್ಛಿಸುವ ಸಂಘ ಸಂಸ್ಥೆಗಳು ಮೊದಲು ಸದರಿ ರಸ್ತೆಯ ಒಡೆತನ ಯಾರದೆಂದು ತಿಳಿದುಕೊಂಡು, ರಾಷ್ಟ್ರೀಯ ಹೆದ್ದಾರಿಯಾದಲ್ಲಿ ಸಂಬಂಧಿಸಿದ ಹೆದ್ದಾರಿ ಕಚೇರಿಗೂ ರಾಜ್ಯ ಹೆದ್ದಾರಿಯಾದಲ್ಲಿ ಲೋಕೋಪಯೋಗಿ ಇಲಾಖೆಗೂ ಅರ್ಜಿ ಸಲ್ಲಿಸಬಹುದು. ಅರ್ಜಿಯಲ್ಲಿ ರಸ್ತೆಯ ಸಂಖ್ಯೆ, ಕಿಲೋಮೀಟರ್ ಕಲ್ಲಿನ ವಿವರ, ಗಿಡಗಳ ಜಾತಿ ಹಾಗೂ ಮೊದಲ ಬೇಸಿಗೆಗಳಲ್ಲಿ ನೀರುಣಿಸುವವರು ಯಾರೆಂಬುದನ್ನು ನಮೂದಿಸುವುದು ಸೂಕ್ತ. ಮುಂಗಾರಿನ ಆರಂಭವೇ ನೆಡಲು ತಕ್ಕ ಕಾಲವಾದುದರಿಂದ ಅರ್ಜಿಯನ್ನು ಬೇಸಿಗೆಗೆ ಮುನ್ನವೇ ಸಲ್ಲಿಸುವುದು ಅನುಕೂಲಕರ.